ಚೌಡಿಯ ಮುಂದೆ ಕಟ್ಟಿದ ಬಾಯಿ

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ನಾನು ಒಂದು ಸುಳ್ಳು ಹೇಳಿದೆ. ಒಂದೇ ಶಬ್ದದ ಸುಳ್ಳು — "ಇಲ್ಲ".

ಗಂಟೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಡಾಕ್ಟರ ತಲೆಯ ಮೇಲೆ ಗೋಡೆ ಗಡಿಯಾರವಿತ್ತು, ನಾನು ಹೈಸ್ಕೂಲು ಟೀಚರ್, ಮೂರು ಇಪ್ಪತ್ತೆಂದರೆ ನಮ್ಮಲ್ಲಿ ಕೊನೆಯ ಪೀರಿಯಡ್ಡಿನ ಗಂಟೆ. ಆ ದಿನ ಅರ್ಧ ದಿನ ರಜೆ ಹಾಕಿ ಹೊಸನಗರದಿಂದ ಸಾಗರಕ್ಕೆ ಬಂದಿದ್ದೆ. ತಂಗಿ ಸುಮಿತ್ರಾ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಅತ್ತೆ ಗೌರಮ್ಮ ಬಾಗಿಲಿಗೊರಗಿ ನಿಂತಿದ್ದರು. ಡಾಕ್ಟರು ಸುಮಿಯ ಕೆಂಪಗೆ ಊದಿದ ಕಿವಿಯನ್ನು ಮುಟ್ಟಿದರು, ಗಂಟಲಿಗೆ ಬೆಳಕು ಬಿಟ್ಟು ನೋಡಿದರು. ಅವಳ ದನಿ ಕಟ್ಟಿದ್ದರಿಂದ ನನ್ನನ್ನು ಕೇಳಿದರು —

"ಇವರಿಗೆ ಮೊದಲಿಂದ ಬೇರೆ ಏನಾದ್ರೂ ಕಾಯಿಲೆ ಇದೆಯಾ? ಸಂಧಿವಾತ, ಬೆನ್ನುನೋವು, ಆ ಥರದ್ದು?"

"ಇಲ್ಲ ಡಾಕ್ಟ್ರೇ. ಅಂಥದ್ದೇನೂ ಇಲ್ಲ."

ಇತ್ತು. ಅವಳ ಮದುವೆಗೂ ಮುಂಚಿನಿಂದ ಇತ್ತು. ಅದರ ಹೆಸರೂ ನನಗೆ ಗೊತ್ತಿತ್ತು.

ಸುಮಿ ನನ್ನ ಕಡೆ ನೋಡಿದಳು. ತಲೆ ತಗ್ಗಿಸಲು ಅವಳಿಂದ ಆಗುವುದಿಲ್ಲ. ಕಣ್ಣು ಮಾತ್ರ ತಗ್ಗಿಸಿದಳು.

ಅದನ್ನು ಹೇಳಬೇಕೆಂದೇ ಬರೆಯುತ್ತಿದ್ದೇನೆ. ಆ ಡಾಕ್ಟರದ್ದು ತಪ್ಪಿಲ್ಲ. ಅವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ಉತ್ತರ ಗೊತ್ತಿದ್ದವಳು ನಾನು — ಬಿಎಸ್ಸಿ, ಬಿಎಡ್, ಮಕ್ಕಳಿಗೆ ಅಸ್ಥಿಪಂಜರದ ಪಾಠ ಮಾಡುವವಳು.

ನಮ್ಮ ತವರು ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿ ಕಡೆ. ಅಮ್ಮ ಬೇಗ ಹೋದಳು. ಅಪ್ಪನಿಗೆ ಅರ್ಜಿ, ಆಸ್ಪತ್ರೆ, ಮದುವೆ ಮಾತುಕತೆ ಇವೆಲ್ಲ ಹೆದರಿಕೆ. "ದೊಡ್ಡವಳನ್ನ ಕೇಳಿ, ಅವಳು ಓದಿದವಳು" ಎಂದು ಎಲ್ಲವನ್ನೂ ನನ್ನ ಕಡೆ ತಳ್ಳುತ್ತಿದ್ದರು. ನನಗದು ಒಳಗೊಳಗೇ ಇಷ್ಟವಾಗುತ್ತಿತ್ತು — ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಸುಮಿ ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೇ ಬೆಳಗ್ಗೆ ಹಾಸಿಗೆಯಿಂದ ಏಳಲು ಕಷ್ಟಪಡುತ್ತಿದ್ದಳು. ಗೋಡೆ ಹಿಡಿದು, ಮಗ್ಗುಲಾಗಿ, ಒಂದು ಕಾಲು ಕೆಳಗಿಟ್ಟು, ಆಮೇಲೆ ಇನ್ನೊಂದು. ಮರದ ಹಲಗೆ ಎದ್ದು ನಿಂತ ಹಾಗೆ. ನಾನು "ಸೋಮಾರಿ" ಎನ್ನುತ್ತಿದ್ದೆ. ಓಡಾಡಿದರೆ ಕಡಿಮೆಯಾಗುತ್ತಿತ್ತು, ಮಲಗಿದರೆ ಹೆಚ್ಚಾಗುತ್ತಿತ್ತು — "ಇದೆಂಥ ಉಲ್ಟಾ ನೋವೇ ನಿನ್ನದು?" ಎಂದು ನಗುತ್ತಿದ್ದೆ. ಕೊನೆಗೆ ಘಟ್ಟ ಇಳಿದು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಾಗ ಹೆಸರು ಸಿಕ್ಕಿತು. ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್. ದೇಹವನ್ನು ಕಾಯಬೇಕಾದ ಶಕ್ತಿಯೇ ಬೆನ್ನಿನ ಕೀಲುಗಳಿಗೆ ಉರಿ ಹಚ್ಚುವ ಕಾಯಿಲೆ. ಬಿಟ್ಟರೆ ಬೆನ್ನುಮೂಳೆಗಳು ಒಂದಕ್ಕೊಂದು ಕೂಡಿಕೊಂಡು ಗಟ್ಟಿಯಾಗುತ್ತವೆ, ಔಷಧಿ ಮತ್ತು ದಿನಾ ವ್ಯಾಯಾಮ ಬಿಡಬಾರದು, ಜೀವಕ್ಕೇನೂ ಹೆದರಬೇಕಾಗಿಲ್ಲ — ಇಷ್ಟು ಹೇಳಿ ಕಳಿಸಿದರು.

ಸಾಗರದಿಂದ ಸಂಬಂಧ ಬಂದದ್ದು ಅದಾದ ಮೇಲೆ. ಹುಡುಗ ಮಂಜುನಾಥ, ನೀರೆತ್ತುವ ಮೋಟಾರುಗಳ ರಿವೈಂಡಿಂಗ್ ಅಂಗಡಿ ಇಟ್ಟವನು. ಹಿಂದೆ ಗೇಣಿ ಮಾಡುತ್ತಿದ್ದ, ಈಗ ಸ್ವಂತ ಗದ್ದೆಯಿರುವ ಮನೆ. ಹುಡುಗನನ್ನು ನೋಡಿದ ಕೂಡಲೇ ಸುಮಿಯ ಮುಖ ಅರಳಿದ್ದನ್ನು ನಾನು ಕಂಡೆ. ಆಗಲೇ ನಿರ್ಧರಿಸಿದೆ — ಇದು ತಪ್ಪಿಹೋಗಬಾರದು.

ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರು ಬೆಳಗ್ಗೆ ಬರುತ್ತೇವೆಂದರು. ಬೆಳಗ್ಗೆ ಅವಳು ಹಲಗೆ. "ಬೆಳಗ್ಗೆ ರಾಹುಕಾಲ, ಸಂಜೆ ನಾಲ್ಕರ ಮೇಲೆ ಬನ್ನಿ" ಎಂದು ಫೋನಿನಲ್ಲಿ ಹೇಳಿದೆ. ಅಪ್ಪನಿಗೂ ಅದನ್ನೇ ಹೇಳಿದೆ. ಅವರು ಪಂಚಾಂಗ ತೆಗೆಯಲಿಲ್ಲ. ಹಿರಿಯರ ಕಾಲಿಗೆ ಬೀಳುವಾಗ ಬೆನ್ನು ಬಗ್ಗುವುದಿಲ್ಲವಲ್ಲ, ಅದಕ್ಕೂ ಉಪಾಯ ಹುಡುಕಿದೆ. ಮೊದಲು ಮಂಡಿಯೂರು, ಆಮೇಲೆ ಕೈ ಚಾಚು, ಭಕ್ತಿ ಅಂದ್ಕೊಳ್ತಾರೆ ಎಂದು ಹಿಂದಿನ ದಿನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿಸಿದೆ. ಸುಮಿ ನಗುತ್ತ ನಗುತ್ತ ಮಾಡಿದಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಅಕ್ಕ, ಹೇಳಿಬಿಡೋಣ ಕಣೇ. ಗೊತ್ತಾದ್ರೆ?"

"ಯಾರಾದ್ರೂ ಹೇಳಿದ್ರೆ ತಾನೆ ಗೊತ್ತಾಗೋದು?"

ಇಲ್ಲಿಗೆ ನಿಂತಿದ್ದರೆ ಬಹುಶಃ ಇಷ್ಟು ಬರೆಯುವ ಅಗತ್ಯವೂ ಬೀಳುತ್ತಿರಲಿಲ್ಲ. ನಿಲ್ಲಲಿಲ್ಲ. ನಿಶ್ಚಯವಾದ ಮೇಲೆ ಅವಳನ್ನು ನಮ್ಮೂರ ಚೌಡಿಯ ಬನಕ್ಕೆ ಕರೆದುಕೊಂಡು ಹೋದೆ. ನಮ್ಮ ಕಡೆ ಚೌಡಿ ಎಂದರೆ ಊರು ಕಾಯುವ ತಾಯಿ; ಅವಳ ಮುಂದೆ ಇಟ್ಟ ಆಣೆಯನ್ನು ಇಡಿಸಿದವರೇ ಬಿಡಿಸಬೇಕು, ಮುರಿದರೆ ಮನೆತನಕ್ಕೆ ತಟ್ಟುತ್ತದೆ ಎಂಬ ನಂಬಿಕೆ. ತೆಂಗಿನಕಾಯಿಯ ಮೇಲೆ ಸುಮಿಯ ಕೈಯಿರಿಸಿ ನಾನೇ ಹೇಳಿಕೊಟ್ಟೆ: ಬೆನ್ನಿನ ಕಾಯಿಲೆಯ ವಿಷಯ ಗಂಡನ ಮನೆಯಲ್ಲಿ ಯಾರಿಗೂ ತಿಳಿಯಗೊಡುವುದಿಲ್ಲ, ತಿಳಿಸಿದರೆ ನನ್ನ ಸಂಸಾರಕ್ಕೆ ಕೇಡಾಗಲಿ.

ನನಗೆ ಆಣೆಯಲ್ಲಿ ನಂಬಿಕೆ ಇರಲಿಲ್ಲ. ಅವಳಿಗೆ ಇತ್ತು. ಇತ್ತು ಎಂದೇ ಬಳಸಿದೆ.

ಮದುವೆಯಾದ ಮೇಲೆ ನಡೆದದ್ದನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ, ಜೊತೆಗೇ ಅವಳ ಮೇಲೆ ಒಂದು ಬಗೆಯ — ಭಕ್ತಿ ಎನ್ನಲೇ? — ಹುಟ್ಟುತ್ತದೆ. ಇರುಳ ಕೊನೆಯ ಜಾವಕ್ಕೆ ನೋವು ಅವಳನ್ನು ಎಬ್ಬಿಸುತ್ತಿತ್ತು. ಯಾರೂ ಏಳುವುದಕ್ಕೆ ಮುಂಚೆ ಅಂಗಳಕ್ಕೆ ಬಂದು, ತುಳಸಿಕಟ್ಟೆ ಸುತ್ತ ನಡೆದು ನಡೆದು ಮೈ ಸಡಿಲಿಸಿಕೊಳ್ಳುತ್ತಿದ್ದಳು. ಬೆಳಕಾಗುವ ಹೊತ್ತಿಗೆ ಅಂಗಳ ಗುಡಿಸಿ, ರಂಗೋಲಿಯನ್ನು ಕುಕ್ಕರುಗಾಲಲ್ಲಿ ಕೂತು ಹಾಕಿ, ನಗುನಗುತ್ತ ಕಾಫಿ ತರುತ್ತಿದ್ದಳು. "ಕೋಳಿಗಿಂತ ಮುಂಚೆ ಏಳ್ತಾಳೆ ನನ್ನ ಸೊಸೆ" ಎಂದು ಗೌರಮ್ಮ ಬೀದಿಯೆಲ್ಲ ಹೇಳಿಕೊಂಡು ಬಂದರು. ಅದನ್ನು ಕೇಳಿ ನಾನು ಖುಷಿಪಟ್ಟೆ! ನೋಡು, ಎಷ್ಟು ಚೆನ್ನಾಗಿ ನಡೀತಿದೆ ಎಂದುಕೊಂಡೆ.

ಗುಳಿಗೆಗಳನ್ನು ನಾನು ಪೌಡರ್ ಡಬ್ಬಿಯಲ್ಲಿ ಹಾಕಿ ಕೊಟ್ಟುಬರುತ್ತಿದ್ದೆ. ಮಗಳು ಹುಟ್ಟಿದ ಮೇಲೆ, "ಮನೇಲಿ ಬಾಣಂತನಕ್ಕೆ ಜನ ಬಂದುಹೋಗ್ತಾರೆ, ತಡ್ಕೊಳ್ಳೋಕಾದ್ರೆ ಬಿಟ್ಟುಬಿಡು" ಎಂದೆ. ಬಿಟ್ಟಳು. ತಡೆದುಕೊಂಡಳು. ಅವಳ ಕುತ್ತಿಗೆ ನಿಧಾನಕ್ಕೆ ತಿರುಗುವುದನ್ನು ಮರೆತದ್ದು ಆ ವರ್ಷಗಳಲ್ಲಿ. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ, ಅದನ್ನೊಂದು ಕುಣಿತದ ಹಾಗೆ ಮಾಡಿ ನಗಿಸುತ್ತಿದ್ದಳು. "ನಮ್ಮ ಹೆಂಡ್ತಿ ಜೆಸಿಬಿ ಥರ ಟರ್ನ್ ಹೊಡೀತಾಳೆ" ಎನ್ನುತ್ತಿದ್ದ ಮಂಜು. ಅವಳೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಅವಳ ದನಿ ದೊಡ್ಡದು. ಮದುವೆಮನೆಗಳಲ್ಲಿ ಸೋಬಾನೆ ಹಾಡುವುದಕ್ಕೆ ಸುಮಿ ಬೇಕೇ ಬೇಕು ಎಂದು ತೀರ್ಥಹಳ್ಳಿಯಿಂದಲೂ ಕರೆ ಬರುತ್ತಿತ್ತು. ಕಳೆದ ಬೇಸಿಗೆಯ ಮದುವೆಗಳ ಸಾಲಿನಲ್ಲಿ ಆ ದನಿ ಒಡೆಯಿತು. ಹಾಡಿ ಹಾಡಿ ಗಂಟಲು ಕಟ್ಟಿದೆ ಎಂದುಕೊಂಡೆವು. ಬಿಸಿನೀರು, ಕಾಳುಮೆಣಸು, ಜೇನುತುಪ್ಪ. ಆಮೇಲೆ ಕಿವಿ ಕೆಂಪಾಯಿತು, ಮುಟ್ಟಿದರೆ ಕಣ್ಣಲ್ಲಿ ನೀರು. ಹೊಸ ಜುಮಕಿ ಹಾಕಿದ್ದಳಲ್ಲ, ಕಲಬೆರಕೆ ಲೋಹ ಆಗಿಬಂದಿಲ್ಲ ಎಂದೆವು. ಎಲ್ಲರೂ ಎಂದರು. ಆದರೆ ಜುಮಕಿ ತೂಗುವುದು ಕಿವಿಯ ಹಾಲೆಗೆ. ಅವಳ ಹಾಲೆ ತಿಳಿಯಾಗಿಯೇ ಇತ್ತು. ಅದರ ಮೇಲಿನ ಗಟ್ಟಿ ಭಾಗ, ಮೃದ್ವಸ್ಥಿ ಇರುವ ಭಾಗ ಮಾತ್ರ ಕೆಂಡದ ಹಾಗಿತ್ತು. ಅವಳು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ನೋಡಿದ್ದೆ. "ಜುಮಕಿ ತೆಗೆದಿಡು" ಎಂದು ಉತ್ತರಿಸಿದ್ದೆ.

ಆ ಕ್ಲಿನಿಕ್ಕಿನಲ್ಲಿ ನಾನು "ಇಲ್ಲ" ಎಂದ ಮೇಲೆ ಡಾಕ್ಟರು ಸೋಂಕಿರಬಹುದೆಂದು ಆ್ಯಂಟಿಬಯೋಟಿಕ್ ಬರೆದುಕೊಟ್ಟರು, ಕಡಿಮೆಯಾಗದಿದ್ದರೆ ತಡಮಾಡದೆ ಬನ್ನಿ ಎಂದರು. ಕೆಲವು ದಿನಕ್ಕೆ ಕೆಂಪು ಇಳಿಯಿತು. ಗೆದ್ದೆವು ಎಂದುಕೊಂಡೆ. ಅದು ತಾನಾಗಿಯೇ ಏರಿ ಇಳಿಯುವ ಕಾಯಿಲೆ ಎಂದು ಯಾರಿಗೆ ಗೊತ್ತು. ಮುಂದೆ ಇನ್ನೊಂದು ಕಿವಿ. ಆಮೇಲೆ ಮೂಗಿನ ದಿಂಡು ನೋವು. ಮೆಟ್ಟಿಲು ಹತ್ತಿದರೆ ಏದುಸಿರು. ಫೋನಿನಲ್ಲಿ ಅವಳ ಪಿಸುದನಿ ಒಮ್ಮೆ ಹೇಳಿತು — "ಅಕ್ಕ, ಇದು ಬೆನ್ನಿಂದೇ ಏನೋ ಅನ್ಸ್ತದೆ. ಡಾಕ್ಟ್ರ ಹತ್ರ ನೀನಾದ್ರೂ..."

"ಬೆನ್ನಿಗೂ ಕಿವಿಗೂ ಎಂಥ ಸಂಬಂಧ ಮಾರಾಯ್ತಿ?" ಎಂದೆ. ವಿಜ್ಞಾನದ ಟೀಚರ್.

ಸಂಬಂಧ ಇತ್ತು. ಅವಳು ತನ್ನ ಮೈಯನ್ನು ನನ್ನ ಪುಸ್ತಕಗಳಿಗಿಂತ ಚೆನ್ನಾಗಿ ಓದಿಕೊಂಡಿದ್ದಳು.

ಆಮೇಲಿನ ಒಂದು ಶನಿವಾರ ಮಂಜು, ಗೌರಮ್ಮ, ಸುಮಿ ಹೊಸನಗರಕ್ಕೆ ನಮ್ಮನೆಗೆ ಊಟಕ್ಕೆ ಬಂದಿದ್ದರು. ಮಗುವನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಬಂದಿದ್ದರು. ಎಲೆ ಹಾಕಿದ್ದೆ. ಸುಮಿ ನೀರಿನ ಲೋಟ ಎತ್ತಿದವಳು ಹಾಗೇ ಕೆಳಗಿಟ್ಟಳು. ಉಸಿರೆಳೆದಾಗ ಗಂಟಲಿಂದ ಸೀಟಿಯಂಥ ಸದ್ದು ಬಂತು. ಪ್ರೆಶರ್ ಕುಕ್ಕರ್ ಕೂಗುವುದಕ್ಕೆ ಮುಂಚೆ ಸಣ್ಣಗೆ ಸುಂಯ್‌ಗುಡುತ್ತದಲ್ಲ, ಹಾಗೆ. ತಮಾಷೆಗೆ ಮಾಡುತ್ತಿದ್ದಾಳೇನೋ ಎಂದು ಮಂಜು ನಕ್ಕ. ಮರುಗಳಿಗೆ ಎಲೆ ಬಿಟ್ಟು ಎದ್ದ.

ಊರಿನ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿ, ಇಲ್ಲಿ ಆಗುವುದಿಲ್ಲ, ಘಟ್ಟದ ಕೆಳಗೆ ಒಯ್ಯಿರಿ ಎಂದರು. ಹುಲಿಕಲ್ ಘಾಟಿ ಇಳಿದ ಆ ಪ್ರಯಾಣವನ್ನು ನಾನು ಇಂದಿಗೂ ಇಳಿಯುತ್ತಿದ್ದೇನೆ. ಪಾಠ ಮಾಡುತ್ತಿರುವಾಗ, ತರಕಾರಿ ಹೆಚ್ಚುತ್ತಿರುವಾಗ, ಕುಕ್ಕರ್ ಸುಂಯ್‌ಗುಟ್ಟಿದಾಗ. ಆ್ಯಂಬುಲೆನ್ಸಿನಲ್ಲಿ ಮಲಗಲು ಅವಳು ಒಪ್ಪಲಿಲ್ಲ, ಕೂತೇ ಬಂದಳು. ಪ್ರತಿ ತಿರುವಿಗೂ ಗೌರಮ್ಮ ಅವಳ ಹೆಗಲಿಗೆ ತಮ್ಮ ಹೆಗಲು ಕೊಟ್ಟರು. ತಿರುವು ಮುಗಿದಾಗ ಸೀಟಿ ಕೇಳುತ್ತದೋ ಇಲ್ಲವೋ ಎಂದು ನಾನು ಕಿವಿ ಹಚ್ಚಿ ಕೂತಿದ್ದೆ — ಕೇಳಿದರೆ ಹೆದರಿಕೆ, ಕೇಳದಿದ್ದರೆ ಇನ್ನೂ ಹೆದರಿಕೆ. ಅಂಥ ಹೊತ್ತಿನಲ್ಲೂ ಸುಮಿ, ನನ್ನ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿದ್ದನ್ನು ಬೆರಳು ಮಾಡಿ ತೋರಿಸಿದಳು. ಬಿಡಿಸಿಕೋ ಎಂದು.

ಆಗ ಹೇಳಬಹುದಿತ್ತು. ಇಡೀ ಘಾಟಿ ನನ್ನ ಮುಂದಿತ್ತು. ಹೇಳಲಿಲ್ಲ.

ಕೆಳಗೆ ದೊಡ್ಡ ಆಸ್ಪತ್ರೆಯಲ್ಲಿ ತುರ್ತು ವಿಭಾಗಕ್ಕೆ ಓಡಿಸಿದರು. ಉಸಿರಿನ ಕೊಳವೆಗೆ ಟ್ಯೂಬ್ ಹಾಕಬೇಕು, ಅಂಗಾತ ಮಲಗಿಸಿ ಎಂದು ಕಿರಿಯ ಡಾಕ್ಟರು ಅವಸರ ಮಾಡಿದರು. ಸುಮಿ ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟಳು.

"ಮಲಗಮ್ಮ! ಟೈಮಿಲ್ಲ. ಕತ್ತು ಹಿಂದಕ್ಕೆ ಬಿಡು, ಅಷ್ಟೇ."

ಅವಳು ಕಣ್ಣಿನಲ್ಲೇ ಬೇಡ ಎಂದಳು. ಒಬ್ಬ ಸಿಸ್ಟರ್ ಹಿಂದಿನಿಂದ ಅವಳ ಹಣೆ ಹಿಡಿದರು. ಡಾಕ್ಟರು ನಮ್ಮ ಕಡೆ ತಿರುಗಿ ಕೂಗಿದರು, "ಇವರ ಕುತ್ತಿಗೆಗೆ, ಬೆನ್ನಿಗೆ ಮೊದಲಿಂದ ಏನಾದ್ರೂ ತೊಂದರೆ ಇದೆಯಾ?"

ಅದೇ ಪ್ರಶ್ನೆ. ನನ್ನ ಎಡಕ್ಕೆ ಮಂಜು, ಬಲಕ್ಕೆ ಗೌರಮ್ಮ. ಇಬ್ಬರೂ ನನ್ನ ಬಾಯಿ ನೋಡಿದರು. ಮತ್ತೆ ಬಾಯಲ್ಲಿ "ಇಲ್ಲ" ಬಂದು ನಿಂತಿತ್ತು — ದೇವರಾಣೆ, ನಿಂತಿತ್ತು. ಸುಮಿ ಸಾಯುತ್ತಾಳೆಂಬ ಭಯಕ್ಕಿಂತ, ಈ ಇಬ್ಬರ ಕಣ್ಣಿನಲ್ಲಿ ನಾನು ಸುಳ್ಳುಗಾತಿಯಾಗುತ್ತೇನೆಂಬ ಭಯ ಒಂದು ಕ್ಷಣ ದೊಡ್ಡದಾಗಿತ್ತು. ಒಂದು ಕ್ಷಣವೇ ಇರಬಹುದು. ಆದರೆ ಆ ಕ್ಷಣದಲ್ಲಿ ಅವಳಿಗೆ ಉಸಿರಿರಲಿಲ್ಲ.

ಆಗ ಸುಮಿ ಕಂಬಿಯಿಂದ ಒಂದು ಕೈ ಬಿಟ್ಟಳು. ಕುತ್ತಿಗೆಯನ್ನು ಮುಟ್ಟಿ ತೋರಿಸಿದ್ದರೆ ಸಾಕಾಗುತ್ತಿತ್ತು, ಯಾರಿಗಾದರೂ ಅರ್ಥವಾಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಅಂಗೈಯನ್ನು ಕೆಳಮುಖವಾಗಿ ಗಾಳಿಯಲ್ಲಿ ಚಾಚಿ, ಸ್ವಲ್ಪ ಗುಂಡಗೆ ಬಾಗಿಸಿ ಹಿಡಿದಳು. ತೆಂಗಿನಕಾಯಿಯ ಮೇಲಿಟ್ಟ ಹಾಗೆ. ನನ್ನನ್ನೇ ನೋಡುತ್ತ.

ಅಪ್ಪಣೆ ಕೇಳುತ್ತಿದ್ದಳು. ಉಸಿರು ನಿಲ್ಲುತ್ತಿರುವಾಗಲೂ, ಮಂಜುವಿಗೆ, ಮಗಳಿಗೆ ಕೇಡಾದೀತೆಂದು, ನನ್ನ ಸುಳ್ಳಿನ ಆಣೆಯನ್ನು ಕಾಯುತ್ತ ಕೂತಿದ್ದಳು ನನ್ನ ತಂಗಿ.

"ಸುಮಿ, ಆಣೆ ತೆಗೆದೆ ಕಣೇ! ತೆಗೆದೆ! ಏನು ಬಂದ್ರೂ ನನಗೆ ಬರಲಿ."

ಆಮೇಲೆ ಡಾಕ್ಟರಿಗೆ ಹೇಳಿದೆ. ಕಾಯಿಲೆಯ ಹೆಸರು, ಔಷಧಿಯ ಹೆಸರು, ಬಿಟ್ಟ ಕಾಲ. ತಡವರಿಸದೆ ಹೇಳಿದೆ, ಎಲ್ಲ ಬಾಯಿಪಾಠವಿತ್ತು. ಸಿಸ್ಟರ್ ಹಣೆಯಿಂದ ಕೈ ತೆಗೆದದ್ದು ನೆನಪಿದೆ — ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಡಾಕ್ಟರು ನನ್ನನ್ನು ನೋಡಿ, "ಇದನ್ನ ಈಗ ಹೇಳ್ತೀರಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಲಗೆಯಂತೆ ಬಿಗಿದ ಕುತ್ತಿಗೆಯನ್ನು ಬಲವಂತವಾಗಿ ಹಿಂದಕ್ಕೆ ಮಣಿಸಿದ್ದರೆ ಮೂಳೆ ಮುರಿದು, ಒಳಗಿನ ಬೆನ್ನುಹುರಿ ತುಂಡಾಗಬಹುದಿತ್ತಂತೆ. ಹಿರಿಯ ಡಾಕ್ಟರೊಬ್ಬರು ಓಡಿಬಂದರು. ಹೆಂಗಸು, ನನ್ನ ವಯಸ್ಸಿನವರು. ಮಂಡಿಯೂರಿ ಸುಮಿಯ ಮುಖಕ್ಕೆ ಮುಖ ಕೊಟ್ಟು ಹೇಳಿದರು: "ಮಲಗ್ಬೇಡ. ಹೀಗೇ ಕೂತಿರು. ಮೂಗಿಂದ ಒಂದು ಸಣ್ಣ ಕ್ಯಾಮೆರಾ ಇಳಿಸ್ತೀನಿ. ನಿನಗೆ ಎಚ್ಚರ ಇರುತ್ತೆ, ಹಿಂಸೆ ಆಗುತ್ತೆ, ಕದಲಬಾರದು. ಆಗುತ್ತಾ?" ಸುಮಿ ಕಣ್ಣು ಮುಚ್ಚಿ ತೆರೆದಳು. ಆಗುತ್ತೆ.

ನಮ್ಮನ್ನು ಹೊರಗೆ ಕಳಿಸಿದರು. ಆಮೇಲೆ ಆ ಡಾಕ್ಟರು ಬಂದು ಹೇಳಿದ ಮಾತು: "ಎಚ್ಚರದಲ್ಲಿ ಗಂಟಲೊಳಗೆ ಅಷ್ಟು ದೂರ ಹೋದ್ರೂ ಒಂದು ಚೂರು ಕದಲಲಿಲ್ಲ."

ಕದಲದೆ ಇರುವುದನ್ನು ಅವಳು ಎಷ್ಟು ವರ್ಷ ಅಭ್ಯಾಸ ಮಾಡಿದ್ದಳೆಂದು ಅವರಿಗೆ ಗೊತ್ತಿರಲಿಲ್ಲ.

ಆದರೆ ಆ ಮಾತು ಬರುವುದಕ್ಕೆ ಮುಂಚೆ, ಹೊರಗಿನ ಬೆಂಚಿನಲ್ಲಿ ನಾವು ಮೂವರೂ ಕೂತಿದ್ದೆವು. ಮಂಜು ಮೊದಲು ಬಾಯಿ ಬಿಟ್ಟ. "ಹೇಳಿದ್ರೆ ನಾನು ಬೇಡ ಅಂತಿದ್ದೆ ಅಂದ್ಕೊಂಡ್ರಾ ಅಕ್ಕ?" ಎಂದ. "ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದೀನಿ. ಜೆಸಿಬಿ ಅಂತ ನಗಾಡ್ತಿದ್ದೆ. ನನ್ನ ಹತ್ರ ನಗಾಡಿಸಿಬಿಟ್ರಲ್ಲ ನೀವು." ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಇವತ್ತಿಗೂ ಮಂಜು ನನ್ನ ಜೊತೆ ಮೊದಲಿನ ಹಾಗೆ ಇಲ್ಲ. ಇರಬೇಕೆಂದು ಕೇಳುವ ಹಕ್ಕು ನನಗೂ ಇಲ್ಲ.

ಗೌರಮ್ಮ ನನ್ನ ಕಡೆ ನೋಡದೆ, "ನಂಗೆ ಅನುಮಾನ ಇತ್ತು" ಎಂದರು.

"ಯಾವಾಗಿಂದ?"

"ನೀವು ಹೆಣ್ಣು ತೋರ್ಸಿದ ದಿನದಿಂದ. ಯಾವ ಹುಡುಗಿ ಹಾಗೆ ಮಂಡಿಯೂರಿ ಕಾಲಿಗೆ ಬೀಳ್ತಾಳೆ ಮಾರಾಯ್ತಿ? ನಾನೇನು ಕುರುಡಿಯಾ? ಸಣ್ಣವಳಿದ್ದಾಗ ಮರದಿಂದ ಗಿರದಿಂದ ಬಿದ್ದಿರ್ಬೇಕು ಅಂದ್ಕೊಂಡೆ."

"ಕೇಳ್ಬಹುದಿತ್ತಲ್ಲ ಗೌರಮ್ಮ..."

"ಕೇಳಿದ್ರೆ ಆ ಹುಡುಗಿ ಸುಳ್ಳು ಹೇಳ್ಬೇಕಾಗ್ತಿತ್ತು. ಅವಳ ಹತ್ರ ಸುಳ್ಳು ಹೇಳ್ಸೋದೆಂತಕ್ಕೆ? ಅದ್ಕೇ ಕೇಳ್ಲಿಲ್ಲ. ಒಲೆಕಟ್ಟೆ ಎತ್ತರ ಮಾಡ್ಸಿದೆ. ಕೊಡಪಾನ ಮಂಜು ಹತ್ರ ಹೊರ್ಸಿದೆ. ಬೆಳಗಿನ ಜಾವ ಅಂಗಳದಲ್ಲಿ ಅವಳು ಸುತ್ತು ಹೊಡೆಯೋದು ನಂಗೆ ಕಿಟಕಿಯಿಂದ ಕಾಣ್ತಿತ್ತು. ನಾನು ಎದ್ದಿದ್ದು ಗೊತ್ತಾದ್ರೆ ಅವಳಿಗೆ ಮುಜುಗರ ಅಂತ, ನಾನೂ ಕಣ್ಣು ಮುಚ್ಕೊಂಡು ಬಿದ್ಕೊಂಡಿರ್ತಿದ್ದೆ."

ನಾವು ಮೋಸ ಮಾಡಿದ್ದೇವೆಂದು ನಾನು ಎಣಿಸಿದ್ದ ಹೆಂಗಸು, ಅಷ್ಟು ವರ್ಷ, ನನ್ನ ತಂಗಿಯ ಮಾನವನ್ನು ತನ್ನ ನಿದ್ದೆ ಕೆಡಿಸಿಕೊಂಡು ಕಾಯ್ದಿದ್ದಳು.

"ಆದ್ರೆ ಸಾಗರದ ಡಾಕ್ಟ್ರು ಕೇಳಿದ್ರಲ್ಲ," ಎಂದು ಅವರೇ ಮುಂದುವರಿಸಿದರು, "ನಾನು ಬಾಗಿಲಲ್ಲೇ ಇದ್ದೆ. ಬೆನ್ನು ಅಂದ್ಕೂಡ್ಲೇ ಬಾಯಿಗೆ ಬಂತು. ಅಷ್ಟ್ರಲ್ಲಿ ನೀನು ಇಲ್ಲ ಅಂದೆ. ಟೀಚರು, ಓದಿದವಳು, ಸ್ವಂತ ಅಕ್ಕ — ನಂದೇ ಅನುಮಾನ ಸುಳ್ಳಿರ್ಬೇಕು ಅಂತ ಸುಮ್ಮನಾದೆ. ನಂದೂ ತಪ್ಪೇ."

ಅದು ಅವರ ತಪ್ಪಲ್ಲ. ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ — ಅಲ್ಲ. ಅವರ ಬಾಯಿಗೆ ಬಂದ ನಿಜವನ್ನೂ ನನ್ನ ಸುಳ್ಳೇ ಒಳಕ್ಕೆ ತಳ್ಳಿತು.

ಎರಡನೆಯ ಕಾಯಿಲೆಯ ಹೆಸರನ್ನು ಆ ಹಿರಿಯ ಡಾಕ್ಟರು ಕಂಡುಹಿಡಿದರು. ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್. ಮೃದ್ವಸ್ಥಿ ಎಲ್ಲೆಲ್ಲಿದೆಯೋ — ಕಿವಿ, ಮೂಗು, ಉಸಿರಿನ ಕೊಳವೆಯನ್ನು ಬಿಡಿಸಿ ಹಿಡಿಯುವ ಉಂಗುರಗಳು — ಅಲ್ಲೆಲ್ಲ ದೇಹವೇ ದೇಹದ ಮೇಲೆ ಬೀಳುವ ಅಪರೂಪದ ಉರಿಯೂತ. ಬೆನ್ನಿನ ಕಾಯಿಲೆಯ ಜೊತೆ ಇದು ಬರುವುದು ಇನ್ನೂ ಅಪರೂಪ, ಆದರೆ ಬರುತ್ತದೆ. "ಬೆನ್ನಿನ ವಿಷಯ ಗೊತ್ತಿದ್ರೆ ಕಿವಿ ನೋಡಿದಾಗಲೇ ಯಾರಿಗಾದ್ರೂ ಆ ಕಡೆ ಯೋಚನೆ ಹೋಗ್ತಿತ್ತು" ಎಂದರು. ಮೊದಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲವೇ ಎಂದು ಕೇಳಿದೆ. "ಅದನ್ನ ಖಂಡಿತವಾಗಿ ಹೇಳೋಕಾಗಲ್ಲ" ಎಂದರು. ಆ ಮಾತಿನಲ್ಲಿ ನನಗೆ ಅಡಗಿಕೊಳ್ಳಲು ಒಂದು ಮೂಲೆಯಿದೆ. ಅಲ್ಲಿಗೆ ಹೋಗುವುದಿಲ್ಲ.

ಸುಮಿ ಬದುಕಿದಳು. ಸ್ಟೆರಾಯ್ಡಿನಿಂದ ಮುಖ ಊದಿತು. "ನೋಡಿ, ಗೌರಿಹಬ್ಬದ ಗೌರಿ ಆಗಿದೀನಿ" ಎಂದು ಚೀಟಿಯಲ್ಲಿ ಬರೆದು ಅತ್ತೆಗೆ ತೋರಿಸಿದಳು. ಟ್ಯೂಬ್ ತೆಗೆದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು — ದನಿಯಲ್ಲ, ಬರೀ ಗಾಳಿ — "ಊಟ ಮಾಡಿದ್ಯಾ ಅಕ್ಕ?" ನಾನು ಹೊರಗೆ ಹೋಗಿ ಅತ್ತುಬಿಟ್ಟೆ. ಕ್ಷಮೆ ಕೇಳಲು ಹೋದಾಗಲೆಲ್ಲ ಅವಳು ಬೇರೆ ಮಾತು ತೆಗೆಯುತ್ತಾಳೆ. ಅದು ಅವಳ ದೊಡ್ಡತನ. ಅದರ ನೆರಳಲ್ಲಿ ನನ್ನ ತಪ್ಪು ಚಿಕ್ಕದಾಗುವುದಿಲ್ಲ.

ಅವಳ ಬಲಗಿವಿಯ ಮೇಲ್ಭಾಗ ಮುದುಡಿಹೋಗಿದೆ. ಮೂಗಿನ ದಿಂಡು ಸ್ವಲ್ಪ ಕುಸಿದಿದೆ. ದನಿ ಮರಳಿದೆ, ಆದರೆ ಕೆಳಗಿನ ದನಿ, ಒರಟು ದನಿ. ಸೋಬಾನೆಯ ಏರು ಇನ್ನು ಹತ್ತುವುದಿಲ್ಲ. ಮಗಳನ್ನು ಮಲಗಿಸುವಾಗ ಆ ಒರಟು ದನಿಯಲ್ಲೇ ಹಾಡುತ್ತಾಳೆ. ಮಗುವಿಗೆ ಈಗ ಅದೇ ಅಮ್ಮನ ದನಿ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಆಣೆಯ ವಿಷಯ ಸುಮಿಯ ಮನಸ್ಸಿನಿಂದ ಹೋಗಿಲ್ಲವೆಂದು ತಿಳಿದದ್ದೂ ಗೌರಮ್ಮನಿಗೇ. ಆಸ್ಪತ್ರೆಯಲ್ಲಿ ಬಾಯಲ್ಲಿ ಬಿಟ್ಟರೆ ಆಯಿತೇ, ಚೌಡಿಯ ಮುಂದೆ ಬಿಡಿಸಬೇಡವೇ? ನಮ್ಮಿಬ್ಬರನ್ನೂ ಮೇಗರವಳ್ಳಿಗೆ ಹೊರಡಿಸಿದರು. ನಾನು ತಪ್ಪುಕಾಣಿಕೆ ಇಟ್ಟು ಅಡ್ಡಬಿದ್ದೆ. ನಂಬಿಕೆಯಿಲ್ಲದೆ ಇಡಿಸಿದ ಆಣೆಯನ್ನು ಬಿಡಿಸುವ ಮಾತನ್ನು ಎರಡೆರಡು ಸಲ ಹೇಳಿದೆ. ಗೌರಮ್ಮ ಕಾಯಿ ಒಡೆದು, ಬನದ ಕಡೆ ಮುಖ ಮಾಡಿ ನೆರೆಮನೆಯವಳ ಜೊತೆ ಮಾತಾಡಿದ ಹಾಗೆ ಹೇಳಿದರು: "ಎಂತಮ್ಮ, ಹುಡುಗಿ ನಿನ್ನ ಮಾತು ಉಸಿರು ಹೋಗೋವರೆಗೆ ಕಾದಿದ್ದಾಳೆ. ಸಾಕಲ್ದಾ? ಇನ್ನು ನನ್ನ ಮನೆ ಸುದ್ದಿಗೆ ಬರ್ಬೇಡ." ಸುಮಿ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮೊದಲ ಸಲ ಸದ್ದು ಮಾಡಿ ನಕ್ಕದ್ದು ಆಗಲೇ.

ಈಗ ಎರಡೂ ಕಾಯಿಲೆಗೆ ಸೇರಿ ಒಂದು ಇಂಜೆಕ್ಷನ್ ನಡೆಯುತ್ತಿದೆ. ಬೆಳಗಿನ ವ್ಯಾಯಾಮ ಕತ್ತಲ ಅಂಗಳದಲ್ಲಲ್ಲ, ನಡುಮನೆಯಲ್ಲಿ. ಗೌರಮ್ಮನೂ ಪಕ್ಕದಲ್ಲಿ ಕೈ ಎತ್ತುತ್ತಾರೆ, "ಅಯ್ಯಪ್ಪ" ಎನ್ನುತ್ತಾರೆ, ಮಗು ಇಬ್ಬರನ್ನೂ ಅಣಕಿಸುತ್ತದೆ.

ಮೊನ್ನೆ ಭಾನುವಾರ ನಾನು ಸಾಗರದಲ್ಲಿದ್ದೆ. ಎದ್ದು ಹೊರಗೆ ಬಂದರೆ ಬಿಸಿಲು ಅಂಗಳಕ್ಕೆ ಬಂದಿತ್ತು, ರಂಗೋಲಿ ಬಿದ್ದಿರಲಿಲ್ಲ. ಅಡುಗೆಮನೆಗೆ ಓಡಿದೆ. ಗೌರಮ್ಮ ಒರಳಿನಲ್ಲಿ ಚಟ್ನಿ ರುಬ್ಬುತ್ತಿದ್ದರು. "ಮಿಕ್ಸಿ ಹಾಕ್ಲಿಲ್ಲ," ಎಂದು ಪಿಸುಗುಟ್ಟಿದರು, "ಮಲಗಿದ್ದಾಳೆ. ರಾತ್ರಿಯಿಡೀ ಏಳ್ಲೇ ಇಲ್ಲ. ನಾನು ಕಿಟಕಿ ಹತ್ರ ನೋಡಿದೆ, ಅಂಗಳ ಖಾಲಿ. ಹೆದರಿ ಹೋಗಿ ಮೂಗಿನ ಹತ್ರ ಕೈ ಹಿಡಿದೆ. ಉಸಿರು ಬಿಸಿ ಬಿಸಿಯಾಗಿ ಬರ್ತಾ ಇದೆ." ಅವರ ಕಣ್ಣು ತುಂಬಿತ್ತು. "ಬಂದು ನಾನೂ ಮಲಗ್ದೆ ಕಣೇ. ಎಷ್ಟು ವರ್ಷ ಆಗಿತ್ತು, ನಿದ್ದೆ ಹಿಡೀತು."

ಪಕ್ಕದ ಮನೆಯ ಹೆಂಗಸು ಹಾಲು ಕೇಳಲು ಬಂದವಳು ಅಂಗಳ ನೋಡಿ ಹುಬ್ಬೇರಿಸಿದಳು. "ಎಂತ ಗೌರಮ್ಮ, ಸೊಸೆ ಇನ್ನೂ ಎದ್ದಿಲ್ವಾ?"

"ಇಲ್ಲ!" ಎಂದರು ಗೌರಮ್ಮ. ಮಗ ಪಾಸಾದನೆಂದು ಹೇಳುವವರ ದನಿಯಲ್ಲಿ. "ಇನ್ನೂ ಮಲಗಿದ್ದಾಳೆ!"

ಆ ಹೆಂಗಸು ನನ್ನ ಕಡೆ ತಿರುಗಿ, ದನಿ ತಗ್ಗಿಸಿದಳು. "ಅಲ್ಲ ಟೀಚರೇ, ನಿಮ್ಮ ತಂಗಿಗೆ ನಿಜಕ್ಕೂ ಆಗಿರೋದೆ‍ಂತ? ಮೊದಲಿಂದ ಏನಾದ್ರೂ ಇತ್ತಾ?"

ಮೂರನೆಯ ಸಲ ಅದೇ ಪ್ರಶ್ನೆ.

"ಇತ್ತು," ಎಂದೆ. "ಮದುವೆಗೆ ಮುಂಚಿಂದ ಇತ್ತು. ಬನ್ನಿ, ಕೂತ್ಕೊಳ್ಳಿ, ಹೇಳ್ತೀನಿ. ಮುಚ್ಚಿಟ್ಟವಳು ನಾನು."